ಶಾಲೆಯ ಕಚೇರಿ ಸಿಬ್ಬಂದಿ ನ್ಯಾಯವಾದ ಸಂಬಳ ಕೇಳುವುದು ಹೇಗೆ? ಲೆಕ್ಕದಿಂದ ಪತ್ರದವರೆಗೆ

"ಸಂಬಳ ಜಾಸ್ತಿ ಮಾಡಿ ಅಂತ ಹೇಗೆ ಕೇಳೋದು?" ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವವರು ನನಗೆ ಬರೆಯುವಾಗ ಸುತ್ತಿ ಬಳಸಿ ಕೊನೆಗೆ ಕೇಳುವುದು ಇದನ್ನೇ. ಗುಮಾಸ್ತರು, ಲೆಕ್ಕ ನೋಡುವವರು, ದಾಖಲಾತಿ ನೋಡುವವರು, ಸ್ವಾಗತದ ಮೇಜಿನವರು, ಮುಖ್ಯಸ್ಥರ ಕಾರ್ಯದರ್ಶಿಗಳು, ಎಲ್ಲರದ್ದೂ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸಂಬಳ ನಿಗದಿಯಾಗುವುದು ನಿಮ್ಮ ಹುದ್ದೆಯ ಬಗ್ಗೆ ಕಾಗದದಲ್ಲಿ ಏನು ಬರೆದಿದೆಯೋ ಅದರ ಮೇಲೆ. ನೀವು ದಿನಾ ಮಾಡುವ ಕೆಲಸದ ಅರ್ಧ ಭಾಗ ಆ ಕಾಗದದಲ್ಲಿ ಇರುವುದೇ ಇಲ್ಲ. ಆದ್ದರಿಂದ ಮೊದಲು ಕೆಲಸ ಕಾಗದಕ್ಕೆ ಬರಬೇಕು, ಆಮೇಲೆ ನೀವು ಮುಖ್ಯಸ್ಥರ ಕೋಣೆಗೆ ಹೋಗಬೇಕು. ಬಹಳ ಜನ ಇದನ್ನು ತಿರುವು ಮುರುವು ಮಾಡುತ್ತಾರೆ. ಒಂದು ದಿನ ತಲೆ ಕೆಟ್ಟು ನೇರ ಒಳಗೆ ಹೋಗಿ "ಇಷ್ಟು ವರ್ಷದಿಂದ ದುಡಿಯುತ್ತಿದ್ದೇನೆ" ಅನ್ನುತ್ತಾರೆ, "ನೋಡೋಣ" ಅನ್ನುವ ಉತ್ತರ ಹಿಡಿದು ಹೊರಗೆ ಬರುತ್ತಾರೆ.

ಏನೇನು ಬೇಕು

ನೇಮಕಾತಿ ಪತ್ರ. ಕಳೆದ ಹನ್ನೆರಡು ತಿಂಗಳ ಸಂಬಳ ಚೀಟಿ. ಹುದ್ದೆಯ ವಿವರಣೆ, ಅಂದರೆ ನಿಮ್ಮ ಕೆಲಸಗಳ ಪಟ್ಟಿ ಇರುವ ಅಧಿಕೃತ ಕಾಗದ (ಹೀಗೊಂದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೇಳಿ ಪಡೆಯಿರಿ). ಶಾಲೆಯ ವಾರ್ಷಿಕ ವೇಳಾಪಟ್ಟಿ. ಒಂದು ನೋಟುಪುಸ್ತಕ. ಮತ್ತೆ ಸುಮಾರು ಎರಡು ತಿಂಗಳ ತಾಳ್ಮೆ. ನೇಮಕಾತಿ ಪತ್ರವೇ ಇಲ್ಲವಾದರೆ ಗಾಬರಿ ಬೇಡ. ಹಾಜರಿ ಪುಸ್ತಕ, ಬ್ಯಾಂಕಿಗೆ ಬಿದ್ದ ಸಂಬಳದ ದಾಖಲೆ, ನಿಮಗೆ ಕೆಲಸ ಹೇಳಿ ಬಂದ ಮಿಂಚಂಚೆಗಳು, ಇವೂ ಸಾಕ್ಷಿಗಳೇ.

ಹಂತ 1: ಗಂಟೆಗೆ ನಿಜವಾಗಿ ಎಷ್ಟು ಸಿಗುತ್ತಿದೆ ನೋಡಿ

ತಿಂಗಳ ಸಂಬಳ ನೋಡಿದರೆ ಏನೂ ತಿಳಿಯುವುದಿಲ್ಲ. ಗಂಟೆಯ ಲೆಕ್ಕ ಹಾಕಿ. ಪತ್ರದಲ್ಲಿ ವಾರಕ್ಕೆ 35 ಗಂಟೆ ಅಂತ ಇದೆ, ನೀವು ನಿಜವಾಗಿ ಇರುವುದು 42 ಗಂಟೆ ಅಂದುಕೊಳ್ಳಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯುವುದು, ಊಟದ ಹೊತ್ತಿನಲ್ಲೂ ಫೋನ್ ಎತ್ತುವುದು, ಸಂಜೆ ಕರೆದುಕೊಂಡು ಹೋಗಲು ಯಾರೂ ಬಾರದ ಮಗುವಿನ ಜೊತೆ ಕೂರುವುದು, ಎಲ್ಲ ಸೇರಿ ಅಷ್ಟಾಗುವುದು ದೊಡ್ಡದೇನಲ್ಲ. 35 ಅನ್ನು 42ರಿಂದ ಭಾಗಿಸಿದರೆ ಆರರಲ್ಲಿ ಐದು ಪಾಲು. ಅಂದರೆ ಆರು ದಿನ ದುಡಿದು ಐದು ದಿನದ ಸಂಬಳ ತೆಗೆದುಕೊಳ್ಳುತ್ತಿದ್ದೀರಿ. ಕೇಳಿಸಿಕೊಳ್ಳುವವರ ತಲೆಯಲ್ಲಿ ಉಳಿಯುವುದು ಈ ತರಹದ ಮಾತು.

ಇನ್ನೊಂದು ಲೆಕ್ಕ ರಜೆಯದ್ದು. ಹಲವು ಕಡೆ ಶಾಲೆ ನಡೆಯುವ ವಾರಗಳಿಗೆ ಮಾತ್ರ ಸಂಬಳ ಕೊಟ್ಟು, ಅದನ್ನೇ ಹನ್ನೆರಡು ಕಂತು ಮಾಡಿ ಹಂಚುತ್ತಾರೆ. ನಿಮ್ಮದೂ ಹೀಗೇ ಇದ್ದರೆ ವರ್ಷಪೂರ್ತಿ ಕೆಲಸ ಮಾಡುವವರ ತಿಂಗಳ ಸಂಬಳದ ಜೊತೆ ನಿಮ್ಮದನ್ನು ನೇರವಾಗಿ ಹೋಲಿಸಬೇಡಿ. 40 ವಾರ ಕೆಲಸ, 5 ವಾರ ಸಂಬಳ ಸಹಿತ ರಜೆ ಅಂದರೆ 52ರಲ್ಲಿ 45 ವಾರ, ಸುಮಾರು 86.5 ಪ್ರತಿಶತ. ಪೂರ್ತಿ ವರ್ಷದವರಿಗೆ 100 ಬಂದರೆ ನಿಮಗೆ 86.5 ಬರಬೇಕು. 70 ಬರುತ್ತಿದ್ದರೆ ಆ ವ್ಯತ್ಯಾಸವನ್ನು ಕೇಳಿ. 86 ಬರುತ್ತಿದ್ದರೆ ದರ ಸರಿಯಾಗಿಯೇ ಇದೆ, ತೊಂದರೆ ಬೇರೆ ಕಡೆ ಇರಬಹುದು.

ಇಲ್ಲಿ ಎಡವುವ ಜಾಗ ಒಂದಿದೆ. ಎಲ್ಲೋ ಓದಿದ ಹಳೆಯ ತೀರ್ಪನ್ನು ಹಿಡಿದು ವಾದಕ್ಕೆ ಇಳಿಯಬೇಡಿ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರಲ್ಲಿ ಒಬ್ಬ ಸಂಗೀತ ಶಿಕ್ಷಕಿಯ ಮೊಕದ್ದಮೆಯಲ್ಲಿ, ವರ್ಷದ ಕೆಲವೇ ವಾರ ಕೆಲಸ ಮಾಡುವ ಕಾಯಂ ನೌಕರರಿಗೂ ಪೂರ್ತಿ 5.6 ವಾರಗಳ ಸಂಬಳ ಸಹಿತ ರಜೆ ಸಿಗಬೇಕು ಅಂದಿತು. ಎರಡೇ ವರ್ಷದಲ್ಲಿ ಅಲ್ಲಿನ ಸರ್ಕಾರ ನಿಯಮವನ್ನೇ ಬದಲಿಸಿತು. 2024ರ ಏಪ್ರಿಲ್‌ನಿಂದ ಶುರುವಾದ ರಜಾ ವರ್ಷಗಳಿಗೆ ಕೆಲಸಕ್ಕೆ ತಕ್ಕ ಹಾಗೆ ರಜೆಯನ್ನು ಲೆಕ್ಕ ಹಾಕಬಹುದು ಅಂತಾಯಿತು. ನಿಮ್ಮಲ್ಲಿ ಈ ಹೊತ್ತು ಯಾವ ನಿಯಮ ಇದೆ ಅನ್ನುವುದನ್ನು ದಿನಾಂಕ ಸಮೇತ ನೋಡಿಕೊಳ್ಳಿ.

ಹಂತ 2: ನಾಲ್ಕು ವಾರ ದಿನಚರಿ ಬರೆಯಿರಿ

ಬೇಜಾರಿನ ಕೆಲಸ, ನಿಜ. ಆದರೆ ಇದನ್ನು ಬಿಟ್ಟರೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

ನಾಲ್ಕು ವಾರ ಒಂದರ ಹಿಂದೆ ಒಂದು ಇರಬೇಕಾಗಿಲ್ಲ. ದಾಖಲಾತಿಯ ಗದ್ದಲದ ವಾರ ಒಂದು, ಪರೀಕ್ಷೆ ಅಥವಾ ಲೆಕ್ಕಪತ್ರ ಮುಗಿಸುವ ವಾರ ಒಂದು, ಮಾಮೂಲಿ ವಾರ ಎರಡು ತೆಗೆದುಕೊಳ್ಳಿ. ಬರೀ ಗದ್ದಲದ ವಾರಗಳನ್ನೇ ಆರಿಸಿದರೆ "ಇದು ಸೀಸನ್ ಸಮಯ, ಬೇರೆ ದಿನ ಖಾಲಿ ಕೂತಿರುತ್ತೀರಲ್ಲ" ಅನ್ನುತ್ತಾರೆ. ಅವರು ಹಾಗೆ ಅನ್ನುವುದರಲ್ಲಿ ತಪ್ಪೂ ಇಲ್ಲ.

ಪ್ರತಿ ಸಾಲಿನಲ್ಲಿ ಇಷ್ಟು ಸಾಕು: ಎಷ್ಟು ಹೊತ್ತಿಗೆ, ಏನು ಕೆಲಸ, ಯಾರು ಹೇಳಿದ್ದು, ಎಷ್ಟು ನಿಮಿಷ. ಪಕ್ಕದಲ್ಲಿ ಒಂದು ಗೆರೆ ಜಾಗ ಬಿಡಿ. ಮಾಡುತ್ತಿದ್ದ ಕೆಲಸವನ್ನು ಯಾರಾದರೂ ನಡುವೆ ನಿಲ್ಲಿಸಿದಾಗಲೆಲ್ಲ ಅಲ್ಲೊಂದು ಕಡ್ಡಿ ಗೀಚಿ. ಸಂಜೆ ಆ ಕಡ್ಡಿಗಳನ್ನು ಎಣಿಸಿ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ. ಸಂಬಳದ ಪಟ್ಟಿ ಮಾಡುವಾಗ ಒಂದು ಗಂಟೆಯಲ್ಲಿ ಹದಿನೈದು ಸಲ ತಲೆ ಎತ್ತಬೇಕಾದರೆ, ಅಂಕಿ ತಪ್ಪದ ಹಾಗೆ ನೋಡಿಕೊಳ್ಳುವುದೇ ಒಂದು ಶ್ರಮ. ಅದನ್ನು ಯಾವ ಹುದ್ದೆಯ ವಿವರಣೆಯಲ್ಲೂ ನಾನು ಕಂಡಿಲ್ಲ.

ಕಣ್ಣಿಗೆ ಬೀಳದ ಕೆಲಸಗಳನ್ನು ಮರೆಯಬೇಡಿ, ಮರೆಯುವುದೇ ಹೆಚ್ಚು. ಸಿಟ್ಟಿನಿಂದ ನುಗ್ಗಿದ ಪೋಷಕರನ್ನು ಸಮಾಧಾನ ಮಾಡಿ ಕೂರಿಸಿದ್ದು. ಜ್ವರ ಬಂದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮನೆಯವರಿಗೆ ಫೋನ್ ಮೇಲೆ ಫೋನ್ ಮಾಡಿದ್ದು. ಭಾಷೆ ಬಾರದ ಪೋಷಕರಿಗೆ ಅರ್ಜಿ ತುಂಬಿಕೊಟ್ಟಿದ್ದು. ಹೊಸದಾಗಿ ಬಂದ ಮುಖ್ಯಸ್ಥರಿಗೆ ಯಾವ ಕಡತ ಎಲ್ಲಿದೆ, ಯಾವ ವರದಿ ಯಾವಾಗ ಹೋಗಬೇಕು ಅಂತ ಹೇಳಿಕೊಟ್ಟಿದ್ದು. ಮಗುವನ್ನು ಯಾರ ಕೈಗೆ ಒಪ್ಪಿಸಬಹುದು, ಯಾರ ಕೈಗೆ ಒಪ್ಪಿಸಬಾರದು ಅನ್ನುವುದನ್ನು ನೆನಪಿಟ್ಟುಕೊಂಡಿದ್ದು. ಈ ಕೊನೆಯದು ತಪ್ಪಿದರೆ ಏನಾಗಬಹುದು ಯೋಚಿಸಿ. "ಸುಮ್ನೆ ಕೂತು ಫೋನ್ ಎತ್ತುವ ಕೆಲಸ" ಅನ್ನುವವರು ಅದನ್ನು ಯೋಚಿಸಿರುವುದಿಲ್ಲ.

ಎಚ್ಚರಿಕೆ: ದಿನಚರಿಯಲ್ಲಿ ಮಕ್ಕಳ ಹೆಸರು, ಕಾಯಿಲೆ, ಮನೆಯ ಜಗಳ ಯಾವುದನ್ನೂ ಬರೆಯಬೇಡಿ. "ಒಂದು ಮಗುವಿನ ಆರೋಗ್ಯದ ವಿಷಯ, 40 ನಿಮಿಷ" ಅಂದರೆ ಸಾಕು. ಗುಟ್ಟು ಕಾಯುವುದು ನಿಮ್ಮ ಕೆಲಸದ ಒಂದು ಭಾಗ. ಸಂಬಳ ಕೇಳಲು ಹೋಗಿ ಅದನ್ನೇ ಮುರಿದರೆ ಅವರಿಗೆ ಕೈಗೆ ಕೋಲು ಕೊಟ್ಟ ಹಾಗೆ. ಶಾಲೆಯ ಕಡತಗಳ ನಕಲನ್ನೂ ಮನೆಗೆ ಒಯ್ಯಬೇಡಿ.

ಹಂತ 3: ಕೆಲಸವನ್ನು ನಾಲ್ಕು ಬುಟ್ಟಿಗೆ ಹಾಕಿ

ಹುದ್ದೆಯ ಮೌಲ್ಯಮಾಪನ ಅಂತ ಒಂದು ಪದ್ಧತಿ ಇದೆ. ಒಂದು ಹುದ್ದೆಗೆ ಏನೇನು ಬೇಕು ಅಂತ ಬಿಡಿಸಿ, ಅಂಕ ಕೊಟ್ಟು, ಬೇರೆ ಹುದ್ದೆಯ ಜೊತೆ ತೂಗುವುದು, ಅಷ್ಟೇ. ನೋಡಲು ಪೂರ್ತಿ ಬೇರೆಯಾದ ಎರಡು ಕೆಲಸಗಳನ್ನೂ ಹೀಗೆ ಹೋಲಿಸಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲಿ ತಂದ 100ನೇ ಒಡಂಬಡಿಕೆ ಹೇಳುವುದು ಇದನ್ನೇ: ಸಮಾನ ಮೌಲ್ಯದ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಸಮಾನ ವೇತನ. 170ಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿವೆ. "ಸಮಾನ ಕೆಲಸ" ಅಂದಿದ್ದರೆ ನಿಮ್ಮನ್ನು ಇನ್ನೊಬ್ಬ ಗುಮಾಸ್ತರ ಜೊತೆ ಮಾತ್ರ ಹೋಲಿಸಬೇಕಿತ್ತು. "ಸಮಾನ ಮೌಲ್ಯ" ಅನ್ನುವುದರಿಂದ ಬಾಗಿಲು ದೊಡ್ಡದಾಗಿ ತೆರೆಯುತ್ತದೆ. ಶಾಲಾ ಕಚೇರಿಗಳಲ್ಲಿ ಬಹಳ ಕಡೆ ಹೆಂಗಸರೇ ಜಾಸ್ತಿ ಇರುವುದರಿಂದ ಈ ಒಂದು ಪದಕ್ಕೆ ಇಲ್ಲಿ ತುಂಬ ತೂಕವಿದೆ.

ನಾಲ್ಕು ಬುಟ್ಟಿಗಳು ಹೀಗಿವೆ.

ಕೌಶಲ: ಓದು, ಅನುಭವ, ತಂತ್ರಾಂಶ ಬಳಸುವುದು, ಲೆಕ್ಕ, ಭಾಷೆ, ಜನರ ಜೊತೆ ಮಾತಾಡುವ ಹದ.

ಹೊಣೆ: ದುಡ್ಡು, ದಾಖಲೆ, ಗುಟ್ಟಿನ ಮಾಹಿತಿ, ಮಕ್ಕಳ ಸುರಕ್ಷತೆ, ಬೇರೆಯವರಿಗೆ ಕೆಲಸ ಹಂಚುವುದು.

ಶ್ರಮ: ಮೈಯ ಶ್ರಮ, ತಲೆಯ ಶ್ರಮ, ಮನಸ್ಸಿನ ಶ್ರಮ. ಬೈಗುಳ ತಿಂದೂ ನಗುಮುಖ ಇಟ್ಟುಕೊಳ್ಳುವುದು ಮೂರನೆಯದಕ್ಕೆ ಸೇರುತ್ತದೆ.

ಪರಿಸ್ಥಿತಿ: ಗಲಾಟೆ, ಅಡಚಣೆ, ಒಬ್ಬರೇ ಇರಬೇಕಾದ ಹೊತ್ತು, ಕಾಯಿಲೆ ತಗಲುವ ಅಪಾಯ, ಕೂಗಾಡುವ ಜನ.

ದಿನಚರಿಯ ಪ್ರತಿ ಸಾಲನ್ನೂ ಇವುಗಳಲ್ಲಿ ಒಂದಕ್ಕೋ ಎರಡಕ್ಕೋ ಹಾಕಿ. ಆಮೇಲೆ ಅಂಕ. ಸಾಮಾನ್ಯವಾಗಿ ಒಟ್ಟು ಅಂಕದಲ್ಲಿ ಕೌಶಲಕ್ಕೆ 20ರಿಂದ 35 ಪ್ರತಿಶತ, ಹೊಣೆಗೆ 25ರಿಂದ 40, ಶ್ರಮಕ್ಕೆ 15ರಿಂದ 25, ಪರಿಸ್ಥಿತಿಗೆ 5ರಿಂದ 15 ಇಡುತ್ತಾರೆ. ಒಟ್ಟು 1000 ಅಂಕ ಅಂದುಕೊಂಡರೆ ಕೌಶಲ 320, ಹೊಣೆ 380, ಶ್ರಮ 200, ಪರಿಸ್ಥಿತಿ 100 ಅಂತ ಹಂಚಿಕೊಳ್ಳಬಹುದು. ನಿಮ್ಮ ಹುದ್ದೆಗೆ ಪ್ರತಿಯೊಂದರಲ್ಲಿ ಎಷ್ಟು ಸಲ್ಲುತ್ತದೆ ಬರೆಯಿರಿ. ನೀವೇ ಕೊಟ್ಟುಕೊಂಡ ಅಂಕವನ್ನು ಯಾರೂ ಹಾಗೇ ಒಪ್ಪುವುದಿಲ್ಲ, ಅದು ಗೊತ್ತಿರಲಿ. ಆದರೆ ಎದುರಿಗಿರುವವರು "ಇಲ್ಲಿ 300 ಜಾಸ್ತಿಯಾಯಿತು, 240 ಸಾಕು" ಅಂತ ಚೌಕಾಸಿಗೆ ಇಳಿದರೆ ಅರ್ಧ ಗೆದ್ದ ಹಾಗೆ. ಮಾತು ಈಗ ನಿಮ್ಮ ಸ್ವಭಾವ ಬಿಟ್ಟು ಹುದ್ದೆಯ ಮೇಲೆ ಬಂದಿರುತ್ತದೆ.

ಈ ಹಂತದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಒಂದು, ಹುದ್ದೆಯನ್ನು ಬಿಟ್ಟು ತಮ್ಮನ್ನೇ ಅಳೆಯುವುದು. "ನಾನು ಪ್ರಾಮಾಣಿಕಳು, ಒಂದು ದಿನವೂ ತಡವಾಗಿ ಬಂದಿಲ್ಲ" ಅನ್ನುವುದು ಒಳ್ಳೆಯ ಮಾತೇ, ಆದರೆ ಮೌಲ್ಯಮಾಪನದಲ್ಲಿ ಅದಕ್ಕೆ ಜಾಗವಿಲ್ಲ. ನಾಳೆ ನಿಮ್ಮ ಕುರ್ಚಿಗೆ ಇನ್ನೊಬ್ಬರು ಬಂದರೆ ಅವರಿಗೆ ಏನೇನು ಗೊತ್ತಿರಬೇಕು, ಅದನ್ನು ಬರೆಯಿರಿ. ಎರಡು, ಕೌಶಲವನ್ನು ಸ್ವಭಾವ ಅಂದುಕೊಳ್ಳುವುದು. ಅಳುವ ಮಗುವನ್ನು ಸಮಾಧಾನ ಮಾಡುವುದು "ಹೆಂಗಸರಿಗೆ ಹುಟ್ಟಿನಿಂದಲೇ ಬರುತ್ತೆ" ಅನ್ನುತ್ತಾರಲ್ಲ, ಅದೇ. ಭಾರ ಎತ್ತುವುದಕ್ಕೆ ಅಂಕ ಕೊಡುವಾಗ ಯಾರೂ ಅದನ್ನು ಗಂಡಸಿನ ಸ್ವಭಾವ ಅಂತ ಬಿಟ್ಟುಬಿಡುವುದಿಲ್ಲ.

ಹಂತ 4: ಯಾರ ಜೊತೆ ಹೋಲಿಸಬೇಕು

ಶಿಕ್ಷಕರ ಜೊತೆ ಹೋಲಿಸಬೇಡಿ. ಬಹುಪಾಲು ಕಡೆ ಅವರ ವೇತನ ಶ್ರೇಣಿಯೇ ಬೇರೆ, ಮೇಲಾಗಿ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಮನಸ್ತಾಪ. ಮೊದಲು ನಿಮ್ಮದೇ ಸಂಸ್ಥೆಯೊಳಗೆ ನೋಡಿ. ಸಾರಿಗೆ ನೋಡಿಕೊಳ್ಳುವವರು, ಕಟ್ಟಡ ನಿರ್ವಹಣೆಯವರು, ಕಂಪ್ಯೂಟರ್ ತಂತ್ರಜ್ಞರು, ಅದೇ ಆಡಳಿತ ಮಂಡಳಿಯ ಇನ್ನೊಂದು ಕಚೇರಿಯ ಲೆಕ್ಕಿಗರು. ಹೆಚ್ಚಾಗಿ ಗಂಡಸರೇ ಇರುವ, ಅಷ್ಟೇ ಅಂಕ ಬರುವ ಹುದ್ದೆ ಸಿಕ್ಕರೆ ಒಳ್ಳೆಯದು.

ಕೆಲವು ದೇಶಗಳಲ್ಲಿ ಸಂಸ್ಥೆಯ ಹೊರಗೂ ಹೋಲಿಸಬಹುದು. ನ್ಯೂಜಿಲೆಂಡ್‌ನಲ್ಲಿ ಶಿಕ್ಷಕರ ಸಹಾಯಕರು ತಮ್ಮ ಕೆಲಸವನ್ನು ಜೈಲು ಅಧಿಕಾರಿಗಳಂಥ ಹುದ್ದೆಗಳ ಜೊತೆ ತೂಗಿ ನೋಡಿ 2020ರಲ್ಲಿ ವೇತನ ಒಪ್ಪಂದ ಪಡೆದರು. ಶಾಲಾ ಕಚೇರಿ ಸಿಬ್ಬಂದಿಗೂ ಅದೇ ದಾರಿಯಲ್ಲಿ ಒಪ್ಪಂದವಾಯಿತು. ಅವರ ಕೈಹಿಡಿದದ್ದು ವಾದದ ಜಾಣತನಕ್ಕಿಂತ ಹೆಚ್ಚಾಗಿ ಒಬ್ಬೊಬ್ಬರನ್ನೂ ಕೂರಿಸಿ ಕೆಲಸ ಏನೇನು ಅಂತ ಕೇಳಿ ಬರೆದುಕೊಂಡ ದಾಖಲೆ. ಹಾಗಂತ ಆ ಬಾಗಿಲು ಸದಾ ತೆರೆದಿರುತ್ತದೆ ಅಂದುಕೊಳ್ಳುವ ಹಾಗಿಲ್ಲ. 2025ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತು ಕಾನೂನು ಬಿಗಿ ಮಾಡಿತು, ಬೇರೆ ಬೇರೆ ಕ್ಷೇತ್ರಗಳಲ್ಲಿ ನಡೆಯುತ್ತಿದ್ದ 33 ಹಕ್ಕೊತ್ತಾಯಗಳು ಒಂದೇ ಏಟಿಗೆ ನಿಂತುಹೋದವು.

ಹಂತ 5: ಕೇಳುವ ಮುಂಚೆ ಈ ಐದು ಪ್ರಶ್ನೆಗೆ ಉತ್ತರ ಹುಡುಕಿ

ನಿಮ್ಮ ಹುದ್ದೆಗೆ ಅನ್ವಯಿಸುವ ಕನಿಷ್ಠ ವೇತನ ಎಷ್ಟು? ಹೆಚ್ಚುವರಿ ಗಂಟೆಗೆ ಬೇರೆ ದರ ಇದೆಯಾ? ಸಾಮೂಹಿಕ ಒಪ್ಪಂದ, ಅಂದರೆ ಸಂಘ ಮತ್ತು ಆಡಳಿತ ಸೇರಿ ಮಾಡಿಕೊಂಡ ವೇತನ ಕರಾರು ಇದೆಯಾ? ಕಾನೂನಿನ ಲೆಕ್ಕದಲ್ಲಿ ನಿಮ್ಮ ಮಾಲೀಕರು ಯಾರು? ದೂರು ಕೊಡಲು ಕಾಲಮಿತಿ ಎಷ್ಟು?

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಶಾಲೆಯಲ್ಲೇ ಕೂತಿದ್ದರೂ ಸಂಬಳ ಹಾಕುವುದು ಗುತ್ತಿಗೆ ಏಜೆನ್ಸಿ ಆಗಿರಬಹುದು. ಆಗ ಮುಖ್ಯಸ್ಥರಿಗೆ ಬರೆದ ಪತ್ರ ಎಲ್ಲಿಗೂ ಹೋಗುವುದಿಲ್ಲ. ಸಂಬಳ ಚೀಟಿಯ ತಲೆಯ ಮೇಲೆ ಯಾರ ಹೆಸರಿದೆ ನೋಡಿ.

ಐದನೆಯದು ಇನ್ನೂ ಕಷ್ಟದ್ದು. ಅಮೆರಿಕದಲ್ಲಿ ಲಿಲ್ಲಿ ಲೆಡ್‌ಬೆಟರ್ ಅನ್ನುವ ಟೈರ್ ಕಾರ್ಖಾನೆಯ ಮೇಲ್ವಿಚಾರಕಿ ತನಗೆ ವರ್ಷಗಟ್ಟಲೆ ಗಂಡಸರಿಗಿಂತ ಕಡಿಮೆ ಸಂಬಳ ಸಿಕ್ಕಿದ್ದಕ್ಕೆ ಕೋರ್ಟಿಗೆ ಹೋದರು. ವೇತನ ನಿರ್ಧಾರವಾದ 180 ದಿನದೊಳಗೆ ದೂರು ಕೊಡಬೇಕಿತ್ತು ಅಂತ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವ್ಯತ್ಯಾಸ ಇರುವುದೇ ಗೊತ್ತಿಲ್ಲದಿದ್ದರೆ ಆರು ತಿಂಗಳಲ್ಲಿ ದೂರು ಕೊಡುವುದಾದರೂ ಹೇಗೆ ಅಲ್ವಾ? 2009ರಲ್ಲಿ ಅವರ ಹೆಸರಿನಲ್ಲೇ ಬಂದ ಕಾನೂನು, ತಾರತಮ್ಯದ ಪ್ರತಿ ಸಂಬಳಕ್ಕೂ ಹೊಸದಾಗಿ ಲೆಕ್ಕ ಶುರುವಾಗುತ್ತದೆ ಅಂತ ಸರಿಪಡಿಸಿತು. ಎಲ್ಲ ಕಡೆ ಹಾಗಿಲ್ಲ. ನಿಮ್ಮಲ್ಲಿನ ಗಡುವನ್ನು ಮೊದಲೇ ಬರೆದಿಟ್ಟುಕೊಳ್ಳಿ. "ನೋಡೋಣ, ಮುಂದಿನ ವರ್ಷ ಮಾತಾಡೋಣ" ಅನ್ನುವ ಉತ್ತರದಲ್ಲಿ ಆ ಗಡುವು ಸದ್ದಿಲ್ಲದೆ ದಾಟಿಹೋಗುತ್ತದೆ.

ಹಂತ 6: ಒಂದು ಪುಟದ ಪತ್ರ

ಒಂದೇ ಪುಟ. ದಿನಚರಿಯ ಸಾರಾಂಶ ಮತ್ತು ಅಂಕದ ಪಟ್ಟಿ ಹಿಂದೆ ಲಗತ್ತಾಗಿ ಇರಲಿ. ಧಾಟಿ ಹೀಗಿರಬಹುದು:

"ನಾನು ಕಚೇರಿ ಸಹಾಯಕಿಯಾಗಿ ಇಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಹುದ್ದೆಯ ವಿವರಣೆ ಬರೆದ ಮೇಲೆ ಸೇರಿದ ಆರು ಕೆಲಸಗಳ ಪಟ್ಟಿ ಲಗತ್ತಿಸಿದ್ದೇನೆ. ಪತ್ರದ ಪ್ರಕಾರ ವಾರಕ್ಕೆ 35 ಗಂಟೆ, ನಾಲ್ಕು ವಾರಗಳ ದಾಖಲೆಯ ಪ್ರಕಾರ ಸರಾಸರಿ 42 ಗಂಟೆ. ಹುದ್ದೆಯ ವಿವರಣೆಯನ್ನು ಪರಿಷ್ಕರಿಸಿ, ಅದಕ್ಕೆ ತಕ್ಕ ಶ್ರೇಣಿಗೆ ಸೇರಿಸಿ, ಹೆಚ್ಚುವರಿ ಗಂಟೆಗಳಿಗೆ ವೇತನ ಕೊಡಬೇಕೆಂದು ಕೋರುತ್ತೇನೆ. ಈ ಬಗ್ಗೆ ಮಾತಾಡಲು 15 ದಿನದೊಳಗೆ ಸಮಯ ನೀಡಿ."

ಕಷ್ಟ ಸುಖ ಬರೆಯಬೇಡಿ. ಮನೆ ಬಾಡಿಗೆ, ಸಾಲ, ಮಕ್ಕಳ ಓದು ಎಲ್ಲ ನಿಜವೇ, ಆದರೆ ಅದನ್ನು ಬರೆದ ಕೂಡಲೇ ಪತ್ರ ಹಕ್ಕಿನಿಂದ ಸಹಾಯದ ಅರ್ಜಿಗೆ ಇಳಿಯುತ್ತದೆ. ಕೊಟ್ಟ ಪತ್ರದ ನಕಲಿನ ಮೇಲೆ ತಲುಪಿದ ದಿನಾಂಕ, ಸಹಿ ಹಾಕಿಸಿಕೊಳ್ಳಿ. ದಿನಾ ಬೇರೆಯವರ ಪತ್ರಗಳಿಗೆ ಮೊಹರು ಒತ್ತಿಕೊಡುವವರು ನೀವು. ನಿಮ್ಮದಕ್ಕೆ ಮಾತ್ರ ನಾಚಿಕೆ ಯಾಕೆ?

ಹಂತ 7: ಎದುರು ಕೂತು ಮಾತಾಡುವಾಗ

ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಏನು ಮಾತಾಯಿತು ಅಂತ ಅದೇ ದಿನ ಮಿಂಚಂಚೆ ಕಳಿಸಿ, "ನಾನು ಅರ್ಥ ಮಾಡಿಕೊಂಡಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ" ಅಂತ.

ಮೂರು ಉತ್ತರಗಳು ಬಂದೇ ಬರುತ್ತವೆ. "ಬಜೆಟ್ ಇಲ್ಲ" ಅಂದರೆ, ಯಾವ ತಿಂಗಳಲ್ಲಿ ಮುಂದಿನ ಬಜೆಟ್ ಆಗುತ್ತದೆ, ಅದರಲ್ಲಿ ಸೇರಿಸುತ್ತೇವೆ ಅಂತ ಬರೆದುಕೊಡಿ ಎನ್ನಿ. ಈಗಲೇ ಆಗದಿದ್ದರೆ ಎರಡು ಕಂತಿನಲ್ಲಿ ಏರಿಸುವುದು, ಹೆಚ್ಚುವರಿ ಕೆಲಸಗಳಲ್ಲಿ ಕೆಲವನ್ನು ತೆಗೆಯುವುದು, ಇವೂ ಒಪ್ಪಬಹುದಾದ ದಾರಿಗಳೇ. "ಶಿಕ್ಷಕರಿಗೇ ಸರಿಯಾಗಿ ಕೊಡಲು ಆಗುತ್ತಿಲ್ಲ" ಅಂದರೆ, ಅವರಿಗೂ ಕೊಡಿ, ನಾನು ಮಾತಾಡಲು ಬಂದಿರುವುದು ಈ ಹುದ್ದೆಯ ಬಗ್ಗೆ ಅನ್ನಿ. ಇನ್ನು "ನಾವೆಲ್ಲ ಒಂದೇ ಕುಟುಂಬ" ಅನ್ನುವುದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ನಕ್ಕು, ಅಂಕದ ಪಟ್ಟಿಯನ್ನು ಮತ್ತೆ ಮೇಜಿನ ಮೇಲೆ ಇಡಿ.

ದುಡ್ಡಿಲ್ಲದ ಬಡ್ತಿಯಿಂದ ಹುಷಾರು. ಗುಮಾಸ್ತರನ್ನು "ಆಡಳಿತ ಸಂಯೋಜಕರು" ಅಂತ ಕರೆದು, ಬಾಗಿಲಿಗೆ ಹೊಸ ಫಲಕ ಹಾಕಿ, ಇನ್ನೆರಡು ಕೆಲಸ ಸೇರಿಸಿ ಕಳಿಸುವುದು ಹಳೆಯ ಆಟ. ಒಂದು ಸಲದ ಬೋನಸ್ ಕೂಡ ಹಾಗೆಯೇ, ಅದು ಮೂಲ ವೇತನಕ್ಕೆ ಸೇರುವುದಿಲ್ಲ, ಮುಂದಿನ ಏರಿಕೆಯ ಲೆಕ್ಕಕ್ಕೂ ಬರುವುದಿಲ್ಲ. ತೆಗೆದುಕೊಳ್ಳಿ, ಬೇಡ ಅನ್ನಬೇಡಿ. ಆದರೆ "ಇನ್ನು ಯಾವ ಬಾಕಿಯೂ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಮಾಡುವ ಮುಂಚೆ ಮನೆಗೆ ತಂದು, ಗೊತ್ತಿದ್ದವರಿಗೆ ತೋರಿಸಿ ಓದಿ.

ಹಂತ 8: ಇಲ್ಲ ಅಂದರೆ

ಕಾರಣವನ್ನು ಲಿಖಿತವಾಗಿ ಕೇಳಿ. ಸಂಸ್ಥೆಯ ಒಳಗಿನ ದೂರು ವ್ಯವಸ್ಥೆಗೆ ಹೋಗಿ, ಆಮೇಲೆ ಸಂಘ, ಆಮೇಲೆ ಕಾರ್ಮಿಕ ಇಲಾಖೆ ಅಥವಾ ನ್ಯಾಯಮಂಡಳಿ. ಹಂತ 5ರಲ್ಲಿ ಬರೆದಿಟ್ಟ ಗಡುವು ಹತ್ತಿರವಿದ್ದರೆ ಈ ಕ್ರಮಕ್ಕೆ ಕಾಯದೆ ನೇರ ಹೊರಗೆ ದೂರು ಕೊಡಿ. ಸಂಘ ಕಟ್ಟುವ, ಸೇರುವ ಹಕ್ಕನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 87ನೇ ಒಡಂಬಡಿಕೆಯೇ ಹೇಳುತ್ತದೆ. ಒಂದು ಶಾಲೆಯಲ್ಲಿ ಕಚೇರಿಯವರು ಇಬ್ಬರು ಮೂವರೇ ಇರುವುದರಿಂದ ಒಂಟಿ ಅನ್ನಿಸುವುದು ಸಹಜ. ಸುತ್ತಲಿನ ಹತ್ತು ಶಾಲೆಯವರು ಒಂದೇ ನಮೂನೆಯಲ್ಲಿ ದಿನಚರಿ ಬರೆದರೆ ಮಾತೇ ಬೇರೆ. ಹತ್ತೂ ನೋಟುಪುಸ್ತಕದಲ್ಲಿ ಅದೇ "ಕಣ್ಣಿಗೆ ಬೀಳದ" ಕೆಲಸಗಳು ಬಂದರೆ, ಇದು ಒಬ್ಬರ ಗೊಣಗಾಟ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ಸಿಟ್ಟಿನಲ್ಲಿ ಪಾಸ್‌ವರ್ಡ್ ಬದಲಿಸುವುದು, ಕಡತ ಬಚ್ಚಿಡುವುದು, ಪೋಷಕರ ಎದುರು ಸಂಬಳದ ವಿಷಯ ತೆಗೆಯುವುದು ಬೇಡವೇ ಬೇಡ. ಎರಡು ತಿಂಗಳು ಕೂಡಿಸಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಹೌದು ಅಂದರೆ? ಆದೇಶ ಲಿಖಿತವಾಗಿ ಬರಲಿ, ಯಾವ ದಿನಾಂಕದಿಂದ ಜಾರಿ ಅನ್ನುವುದು ಅದರಲ್ಲಿ ಇರಲಿ, ಪರಿಷ್ಕರಿಸಿದ ಹುದ್ದೆಯ ವಿವರಣೆಯೂ ಜೊತೆಗೆ ಬರಲಿ. ಮುಂದಿನ ಎರಡು ತಿಂಗಳ ಸಂಬಳ ಚೀಟಿಯನ್ನು ಸಾಲು ಸಾಲಾಗಿ ನೋಡಿ. ಮೂಲ ವೇತನ ಏರಿದೆಯಾ, ಬರೀ ಭತ್ಯೆಯ ಸಾಲು ಉಬ್ಬಿದೆಯಾ? ನಿವೃತ್ತಿ ನಿಧಿಯ ಕಡಿತ ಹೊಸ ಮೊತ್ತದ ಮೇಲೆ ಆಗಿದೆಯಾ? ಹಿಂಬಾಕಿ ಎಷ್ಟು ತಿಂಗಳದ್ದು ಬಂದಿದೆ? ಬಹಳ ಶಾಲೆಗಳಲ್ಲಿ ಆ ಚೀಟಿ ತಯಾರಿಸುವವರೂ ನೀವೇ ಆಗಿರುತ್ತೀರಿ. ಆಗ ನಿಮ್ಮ ಸಾಲನ್ನು ಮಾತ್ರ ಇನ್ನೊಬ್ಬರ ಕೈಯಲ್ಲಿ ತಾಳೆ ನೋಡಿಸಿ, ಅವರ ಸಹಿ ಹಾಕಿಸಿಡಿ.